ಉಸಿರಿಲ್ಲದ ವ್ಯಾನು

ಗಂಟಲು ಬೇನೆ ತಗುಲಿದ ಎಮ್ಮೆಗೆ ಸಾಯಲು ಒಂದು ದಿನ ಸಾಕು. ಗಟ್ಟಿ ಎಮ್ಮೆಯಾದರೆ ಒಂದೂವರೆ ದಿನ. ಅದನ್ನು ನೋಡಲು ಹೋಗಬೇಕಾದ ಪಶುವೈದ್ಯರಿಗೆ ವ್ಯಾನು ಸಿಗಲು ನಾಲ್ಕು ದಿನ ಬೇಕು. ಸೋಮವಾರ ಮುಂಜಾನೆ ಡಾಕ್ಟರ್ ಇಂದುಮತಿ ಬಡಿಗೇರ ತನ್ನ ಮೊಬೈಲಿಗೆ ಬಂದ ಉತ್ತರವನ್ನು ಎರಡು ಸಲ ಓದಿದಳು. 'ನಿಮ್ಮ ಕೋರಿಕೆ ಏಳನೇ ದರ್ಜೆಯದು. ಶುಕ್ರವಾರ ಹನ್ನೊಂದು ಇಪ್ಪತ್ತಕ್ಕೆ ವಾಹನ ನಿಮ್ಮ ಬಾಗಿಲಲ್ಲಿರುತ್ತದೆ. ನಿಮ್ಮ ತಾಳ್ಮೆಗೆ ಧನ್ಯವಾದ.' ತನ್ನಲ್ಲಿ ತಾಳ್ಮೆ ಇದೆಯೆಂದು ಇವರಿಗೆ ಹೇಳಿದವರು ಯಾರು ಎಂದು ಆಕೆ ಆಸ್ಪತ್ರೆಯ ಗೋಡೆಯನ್ನು ಕೇಳಿದಳು.

ಎಮ್ಮೆಗಳಿಗೆ ಬೇನೆಯೆಂದು ಫೋನು ಮಾಡಿದ್ದವಳು ಗೊಂಡಿಹಾಳದ ನೀಲವ್ವ. ಆರು ಎಮ್ಮೆ ಕಟ್ಟಿ, ಮೊಸರು ಮಾರಿ, ಯಾರ ಹಂಗೂ ಇಲ್ಲದೆ ಬದುಕುವ ಹೆಂಗಸು. ಆರರಲ್ಲಿ ಒಂದು ನಸುಕಿನಲ್ಲಿ ಸತ್ತಿತ್ತು. ಇನ್ನೊಂದರ ಗಂಟಲು ಬಾತು, ನಾಲಗೆ ಹೊರಬಿದ್ದು, ಉಸಿರು ಗೊರಗೊರ ಎನ್ನುತ್ತಿತ್ತು. ಮಗ್ಗುಲ ಮನೆಯಲ್ಲಿ ಎರಡಕ್ಕೆ ಜ್ವರ ಏರಿತ್ತು. ಊರಲ್ಲಿ ಒಟ್ಟು ಇನ್ನೂರ ಹತ್ತು ಎಮ್ಮೆ. ಜ್ವರ ಏರಿದ ಮೊದಲ ತಾಸುಗಳಲ್ಲಿ ಸೂಜಿ ಬಿದ್ದರೆ ಉಳಿಯುತ್ತವೆ; ಗಂಟಲು ಬಾತ ಮೇಲೆ ಚುಚ್ಚಿದರೆ ಔಷಧಿ ದಂಡ. ಬೇನೆ ಬಾರದವಕ್ಕೆ ಲಸಿಕೆ ಹಾಕಬೇಕು, ಸುತ್ತಲಿನ ಹತ್ತು ಹಳ್ಳಿಗಳಿಗೂ ಹಾಕಬೇಕು. ಲಸಿಕೆ ಮೈಗೆ ಹತ್ತಲು ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ರೋಗ ಅಷ್ಟು ದಿನ ಕಾಯುವ ಪೈಕಿ ಅಲ್ಲ.

ಗೊಂಡಿಹಾಳ ಇರುವುದು ಮೂವತ್ತನಾಲ್ಕು ಕಿಲೋಮೀಟರು ದೂರದಲ್ಲಿ. ಇಪ್ಪತ್ತೆಂಟು ಹೆದ್ದಾರಿ, ಆರು ಗರಸಿನ ರಸ್ತೆ. ಹೆದ್ದಾರಿಯ ಮೇಲೆ ಈಗ ಓಡುವುದು ಚಾಲಕರಿಲ್ಲದ ವ್ಯಾನುಗಳು. ಬೈಕು ಸೈಕಲ್ಲುಗಳಿಗೆ ಅದು ಮುಚ್ಚಿ ಏಳು ವರ್ಷವಾಗಿತ್ತು. ಹೊಲದ ದಾರಿ ಹಿಡಿದರೆ ಮಳೆ ಬಿದ್ದ ಎರೆಮಣ್ಣು ಗಾಲಿಯ ಮೂರನೇ ಸುತ್ತಿಗೇ ಹಿಡಿದು ನಿಲ್ಲಿಸುತ್ತದೆ. ಚಕ್ಕಡಿಯಲ್ಲಿ ಹೋದರೆ ಇಡೀ ದಿನ ಬೇಕು, ಮೇಲಾಗಿ ಮರಳಿ ಬರುವ ಎತ್ತುಗಳೇ ರೋಗವನ್ನು ಹಳ್ಳಿ ಹಳ್ಳಿಗೆ ಹಂಚುತ್ತ ಬರುತ್ತವೆ. ಔಷಧಿಯನ್ನಾದರೂ ಪಾರ್ಸೆಲ್ಲಿನಲ್ಲಿ ಕಳಿಸೋಣವೆಂದರೆ, ಗೊಂಡಿಹಾಳ ನಮ್ಮ ಸೇವೆಯ ಹೊರಗಿದೆ ಎಂದು ಪಾರ್ಸೆಲ್ಲಿನವರ ಯಂತ್ರ ಮೂರು ಭಾಷೆಗಳಲ್ಲಿ ಹೇಳಿತು.

ಸಂಜೆ ಮನೆಗೆ ಬಂದಾಗ ಅವಳ ಗಂಡ ಚಿದಾನಂದ ಒಗ್ಗರಣೆಗೆ ಎಣ್ಣೆ ಇಟ್ಟಿದ್ದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮನುಷ್ಯ. ಅಡುಗೆಯನ್ನೂ ಪ್ರಯೋಗದಂತೆ, ಸಾಮಾನು ಮುಂದಿಟ್ಟುಕೊಂಡೇ ಮಾಡುವವನು. ಕೊತ್ತಂಬರಿ ಇಲ್ಲವೆಂದು ಗೊತ್ತಾದ ಕೂಡಲೇ ಮೊಬೈಲು ಒತ್ತಿದ. ಒಂಬತ್ತು ನಿಮಿಷಕ್ಕೆ ಬಾಗಿಲ ಮುಂದೆ ಒಂದು ವ್ಯಾನು ನಿಂತು, ಒಂದೇ ಒಂದು ಸಿವುಡು ಕೊತ್ತಂಬರಿ ಇಳಿಸಿ, ಬಂದ ದಾರಿಯಲ್ಲೇ ಖಾಲಿ ಹೋಯಿತು. ಇಂದುಮತಿ ಅದರ ಬೆನ್ನು ನೋಡುತ್ತ ನಿಂತಳು. ಆ ವ್ಯಾನಿನಲ್ಲಿ ಎಂಟು ಜನ ಕೂಡಬಹುದಿತ್ತು.

"ಕೊತ್ತಂಬರಿ ಎಷ್ಟನೇ ದರ್ಜೆ?" ಎಂದು ಕೇಳಿದಳು.

"ಆಹಾರ ಮೂರನೇದು," ಎಂದ ಚಿದಾನಂದ. "ನೀನೂ ಹಂಗ ಹಾಕು. ಎಮ್ಮಿ ಅಂದ್ರ ಹಾಲು, ಹಾಲು ಅಂದ್ರ ಆಹಾರ. ಸುಳ್ಳೇನೂ ಆಗಂಗಿಲ್ಲ."

ಹಾಗೆ ಬರೆಯುವುದಿಲ್ಲ ಎಂದಳು. ಹದಿಮೂರು ವರ್ಷದ ನೌಕರಿಯಲ್ಲಿ ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೆ ಅಕ್ಷರ ಬರೆದವಳಲ್ಲ ಆಕೆ. ಸತ್ತ ಕುರಿಯನ್ನು ನೋಡದೆ ಸತ್ತಿದೆ ಎಂದು ಸಹಿ ಮಾಡಲಿಲ್ಲವೆಂದು ಒಬ್ಬ ಶಾಸಕರ ಭಾವಮೈದುನ ಅವಳನ್ನು ಎರಡು ಸಲ ಎತ್ತಂಗಡಿ ಮಾಡಿಸಿದ್ದ. ಗಂಡ ಭುಜ ಕುಣಿಸಿ ಕೊತ್ತಂಬರಿ ಹೆಚ್ಚತೊಡಗಿದ.

*

ಮಂಗಳವಾರ ಮುಂಜಾನೆ ಗೊಂಡಿಹಾಳದಲ್ಲಿ ಸತ್ತ ಎಮ್ಮೆಗಳು ನಾಲ್ಕಾದವು. ಸುದ್ದಿ ಕೇಳಿ ಆಸ್ಪತ್ರೆಯ ಸಹಾಯಕ ಫಕ್ಕೀರಪ್ಪ, ಹಿಂದಿನ ಬೇವಿನ ಗಿಡದ ಕಡೆ ಗದ್ದ ಎತ್ತಿ ತೋರಿಸಿದ. ಅಲ್ಲಿ ಹದಿನಾರು ವರ್ಷದಿಂದ ಇಲಾಖೆಯ ಸಂಚಾರಿ ಚಿಕಿತ್ಸಾ ವ್ಯಾನು ನಿಂತಿತ್ತು. ಅದು ಓಡುತ್ತಿದ್ದ ಕಾಲದಲ್ಲಿ ಫಕ್ಕೀರಪ್ಪನೇ ಅದರ ಡ್ರೈವರ್. ಚಾಲಕರಿಲ್ಲದ ವ್ಯಾನುಗಳು ಎಲ್ಲೆಡೆ ಹಬ್ಬಿದಾಗ ಇಲಾಖೆ ಅವನ ಕೈಯಿಂದ ಕೀಲಿ ಕಸಿದು, ಗುಡಿಸಲೆಂದು ಕಸಬರಿಗೆ ಕೊಟ್ಟಿತ್ತು. ಕೈಯಿಂದ ನಡೆಸುವ ವಾಹನಗಳಲ್ಲಿ ತುರ್ತು ಸೇವೆಯವಕ್ಕೆ ಮಾತ್ರ ಹೆದ್ದಾರಿಯಲ್ಲಿ ವಿನಾಯಿತಿ ಇದೆ, ಪಶು ಚಿಕಿತ್ಸೆಯೂ ಆ ಪಟ್ಟಿಯಲ್ಲಿದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಹದಿನಾರು ವರ್ಷ ಯಾರಾದರೂ ಕೇಳಲಿ ಎಂದು ಕಾದಿದ್ದನಂತೆ.

ಊರಲ್ಲಿ ಉಳಿದಿದ್ದ ಒಬ್ಬನೇ ಡೀಸೆಲ್ ಮಿಸ್ತ್ರಿ ಮೌಲಾಸಾಬ. ಈಗ ಮಿಕ್ಸರು, ಗಿರಣಿ ಮೋಟಾರು ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಅವನು ಬಂದು ವ್ಯಾನಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ಎದ್ದು ನಿಂತ.

"ಹದಿನಾರು ವರ್ಸ ಗಿಡದ ಬುಡಕ ಊರಿ ಇಟ್ಟೀರಿ, ಡಾಕ್ಟರಮ್ಮ. ಮದಲ ಬೇರು ಬಿಟ್ಟೈತೇನು ನೋಡೋಣು ತಡೀರಿ."

ಬೇರೊಂದನ್ನು ಬಿಟ್ಟು ಎಲ್ಲವೂ ಇತ್ತು. ಗಾಳಿ ಸೋಸುವ ಡಬ್ಬಿಯಲ್ಲಿ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿ ಹೋಗಿದ್ದವು. ಹೊಗೆ ಕೊಳವೆಯಲ್ಲಿ ಕಣಜದ ಗೂಡು. ಟ್ಯಾಂಕಿನ ತಳದ ಡೀಸೆಲ್ಲು ಕಾಕಂಬಿಯಂತೆ ಗಟ್ಟಿಯಾಗಿತ್ತು. ನಾಲ್ಕೂ ಗಾಲಿಗಳ ಬ್ರೇಕು ಹಿಡಿದು ಕೂತಿತ್ತು. ಕ್ಲಚ್ಚಿನ ತಟ್ಟೆ ಎಂಜಿನ್ನಿನ ಚಕ್ರಕ್ಕೆ ತುಕ್ಕಿನಿಂದ ಅಂಟಿಕೊಂಡಿತ್ತು. ಮೌಲಾಸಾಬ ಒಂದೊಂದನ್ನೇ ಬಿಚ್ಚಿ, ಒಂದೊಂದಕ್ಕೂ ಇಲಾಖೆಯನ್ನು ಬೈಯುತ್ತ ತೊಳೆದ. ಊರಲ್ಲಿ ಸಿಗುವ ಟೈರುಗಳೆಂದರೆ ಚಕ್ಕಡಿಯವು. ಫಕ್ಕೀರಪ್ಪ ಎರಡು ಚಕ್ಕಡಿಗಳನ್ನು ಕಲ್ಲಿನ ಮೇಲೆ ಕೂರಿಸಿ ನಾಲ್ಕು ಟೈರು ತಂದ. ಡೀಸೆಲ್ಲು ಕಲ್ಯಾಣ ಮಂಟಪದ ಜನರೇಟರಿನಿಂದ ಬಂತು. ಬ್ಯಾಟರಿ ಇಂದುಮತಿಯ ಮನೆಯ ಇನ್ವರ್ಟರಿನದು. ಅದನ್ನು ಹೊತ್ತು ಒಯ್ಯುವಾಗ ಕರೆಂಟು ಇರಲಿಲ್ಲ, ಚಿದಾನಂದ ನಿಂತ ಫ್ಯಾನಿನ ಕೆಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದ. ತಿದ್ದಿದ ಉತ್ತರಪತ್ರಿಕೆಯಿಂದಲೇ ಗಾಳಿ ಬೀಸಿಕೊಳ್ಳತೊಡಗಿದ.

ಎಂಜಿನ್ನು ಎದ್ದಾಗ ನಡು ಮಧ್ಯಾಹ್ನ ದಾಟಿತ್ತು. ಕರಿ ಹೊಗೆ ಬೇವಿನ ಗಿಡದ ಕಾಗೆಗಳನ್ನೆಲ್ಲ ಎಬ್ಬಿಸಿತು. ಫಕ್ಕೀರಪ್ಪ ಕಣ್ಣಿಗೆ ಹೊಗೆ ಹೋಯಿತೆಂದು ಮುಖ ತಿರುವಿಕೊಂಡ. ಔಷಧಿ, ಲಸಿಕೆಯ ಐಸ್ ಪೆಟ್ಟಿಗೆ ಏರಿಸಿ, ಗೇಟು ದಾಟಿ, ಹೆದ್ದಾರಿಗೆ ಮೂತಿ ಹೊರಹಾಕಿದರು. ಎಡಗಡೆಯಿಂದ ಒಂದು ಪಾರ್ಸೆಲ್ ವ್ಯಾನು ಬಂತು. ಅದು ನಿಧಾನಿಸಲಿಲ್ಲ, ಹಾರ್ನು ಹಾಕಲಿಲ್ಲ, ಸರಿಯಲಿಲ್ಲ. ಫಕ್ಕೀರಪ್ಪ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಎಡಗಡೆಯ ಕನ್ನಡಿ ಕಿತ್ತು ಹೋಗಿತ್ತು. ಪಾರ್ಸೆಲ್ ವ್ಯಾನು ಏನೂ ಆಗಿಲ್ಲವೆಂಬಂತೆ ಮುಂದೆ ಹೋಯಿತು. ಅದರ ಹಿಂದಿನದೂ ಹಾಗೆಯೇ ಹೋಯಿತು.

*

ಚಾಲಕರಿಲ್ಲದ ವ್ಯಾನುಗಳಿಗೆ ಕಣ್ಣಿಲ್ಲ ಎಂದಲ್ಲ. ಮೊದಮೊದಲು ಅವು ಕ್ಯಾಮೆರಾ ನಂಬಿಯೇ ಓಡುತ್ತಿದ್ದವು. ಈ ಸೀಮೆಯ ರೈತರು ಸುಗ್ಗಿಯಲ್ಲಿ ಹುರುಳಿ, ಜೋಳ, ಸೂರ್ಯಕಾಂತಿಯನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಹೋಗಿಬರುವ ಗಾಲಿಗಳೇ ಒಕ್ಕಣೆ ಮಾಡುತ್ತವೆ, ಕಣ ಬೇಕಿಲ್ಲ, ಎತ್ತು ಬೇಕಿಲ್ಲ. ಹೊಸ ವ್ಯಾನುಗಳು ಆ ರಾಶಿ ಕಂಡು ನಿಂತುಬಿಟ್ಟವು. ಒಂದರ ಹಿಂದೆ ಒಂದು, ಹನ್ನೆರಡು ಕಿಲೋಮೀಟರು ನಿಂತವು. ದಾರಿಬದಿಯ ಆಳೆತ್ತರದ ಮುಖಂಡರ ಕಟೌಟುಗಳಿಗೂ ದಾರಿ ಬಿಟ್ಟು ಕಾದವು. ರೈತರು ಒಕ್ಕಣೆ ಆಗಲಿಲ್ಲವೆಂದು, ಕಂಪನಿಗಳು ಓಡಾಟ ಆಗಲಿಲ್ಲವೆಂದು ಬೊಬ್ಬೆ ಹಾಕಿದ ಮೇಲೆ ತಜ್ಞರು ಕೂತು ಕಣ್ಣಿನ ಮಾತು ಕೇಳುವುದು ಬೇಡ ಎಂದು ತೀರ್ಮಾನಿಸಿದರು. ಪ್ರತಿ ವಾಹನಕ್ಕೂ ಒಂದು ಪುಟ್ಟ ಪೆಟ್ಟಿಗೆ. ಅದು ಅರೆ ಸೆಕೆಂಡಿಗೊಮ್ಮೆ ತನ್ನ ಸಂಖ್ಯೆಯನ್ನು ಗಾಳಿಗೆ ಬಿಡುತ್ತದೆ. ಜನ ಅದಕ್ಕೆ ಉಸಿರು ಎಂದು ಹೆಸರಿಟ್ಟರು. ಉಸಿರಾಡುವುದು ರಸ್ತೆಯ ಮೇಲಿದೆ, ಉಸಿರಾಡದ್ದು ಇಲ್ಲ. ಮನುಷ್ಯರ ಉಸಿರು ಜೇಬಿನ ಮೊಬೈಲಿನಲ್ಲಿ. ಆದರೆ ವಾಹನದೊಳಗೆ ಕೂತವರ ಮೊಬೈಲು ಲೆಕ್ಕಕ್ಕಿಲ್ಲ, ಅಲ್ಲಿ ವಾಹನದ್ದೇ ನಡೆಯುತ್ತದೆ.

ಬೇವಿನ ಗಿಡದ ಕೆಳಗಿನ ವ್ಯಾನಿಗೂ, ಅದು ಓಡುತ್ತಿದ್ದ ಕೊನೆಯ ದಿನಗಳಲ್ಲಿ ಕೂರಿಸಿದ ಒಂದು ಪೆಟ್ಟಿಗೆ ಇತ್ತು. ಬ್ಯಾಟರಿ ಜೋಡಿಸಿದ ಕೂಡಲೇ ಅದರ ದೀಪ ಹತ್ತಿತ್ತು ಕೂಡ. ಆದರೆ ರಸ್ತೆ ಅದನ್ನು ಕೇಳಲೊಲ್ಲದು. ಯಾಕೆಂದು ಕೇಳಲು ಇಂದುಮತಿ ಜಿಲ್ಲಾ ರಸ್ತೆ ನಿಯಂತ್ರಣ ಕೇಂದ್ರಕ್ಕೆ ವಿಡಿಯೋ ಕರೆ ಮಾಡಿದಳು. ಹದಿನೇಳು ಪರದೆಗಳ ಮುಂದೆ ಅಜಿತ ಕಮತರ ಎಂಬ ಮೇಲ್ವಿಚಾರಕ ಕೂತಿದ್ದ. ಮೂವತ್ತು ದಾಟಿರದ, ಮೂರು ರಾತ್ರಿ ನಿದ್ದೆಗೆಟ್ಟ ಮುಖ. ಸಂಖ್ಯೆ ಹಾಕಿ ನೋಡಿ ಹೇಳಿದ, ಹತ್ತು ವರ್ಷ ಉಸಿರಾಡದ ವಾಹನವನ್ನು ಸತ್ತದ್ದೆಂದು ಬರೆದುಕೊಳ್ಳಲಾಗುತ್ತದೆ; ನಿಮ್ಮದು ಸತ್ತು ಆರು ವರ್ಷವಾಗಿದೆ.

ಈಗ ಓಡುತ್ತಿದೆಯಲ್ಲ ಎಂದಳು ಇಂದುಮತಿ. ಓಡಲಿ ಎಂದನು ಅವನು. ಮತ್ತೆ ಬದುಕಿದೆಯೆಂದು ಬರೆಸಲು ವಾಹನವನ್ನು ಜಿಲ್ಲೆಯ ಪರೀಕ್ಷಾ ಕೇಂದ್ರಕ್ಕೆ ತರಬೇಕು, ಹೆದ್ದಾರಿಯಲ್ಲಿ ನಲವತ್ತೊಂದು ಕಿಲೋಮೀಟರು. ಸತ್ತ ವ್ಯಾನು ಹೆದ್ದಾರಿಯ ಮೇಲೆ ಬರುವುದು ಹೇಗೆ? ಬರುವಂತಿಲ್ಲ. ಬೇರೆ ವಾಹನಕ್ಕೆ ಕಟ್ಟಿ ಎಳೆದು ತಂದರೆ? ಸತ್ತ ವಾಹನವನ್ನು ಎಳೆಯಲು ಗುಜರಿಯ ದಿಕ್ಕಿಗೆ ಮಾತ್ರ ಅನುಮತಿ. ಹಾಗಾದರೆ ನೀವೇ ಬಂದು ನೋಡಿ. ಅದಕ್ಕೆ ವ್ಯಾನು ಬೇಕು, ಪರಿಶೀಲನೆ ಆರನೇ ದರ್ಜೆ, ಮುಂದಿನ ಸೋಮವಾರ ಆಗಬಹುದು.

"ಕಮತರ, ಅಲ್ಲಿ ಎಮ್ಮಿ ಸಾಯಾಕತ್ತಾವು."

"ನನಗ ಗೊತ್ತಾಗ್ತೈತ್ರಿ ಮೇಡಮ್. ಆದ್ರ ನನ್ನ ಪರದೆ ಮ್ಯಾಲ ನಿಮ್ಮ ವ್ಯಾನ ಇಲ್ಲ. ಇಲ್ಲದ್ದಕ್ಕ ನಾ ಹೆಂಗ ದಾರಿ ಬಿಡಸಲಿ?"

ಅವನ ಮಾತಿನಲ್ಲಿ ಸೊಕ್ಕಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಸೊಕ್ಕಿದ್ದರೆ ಬೈಯಬಹುದಿತ್ತು.

ಆಚೆ ಹೆದ್ದಾರಿಯಲ್ಲಿ ಆಗಲೇ ಯಾರದೋ ಎಮ್ಮೆಯೊಂದು ನಡುರಸ್ತೆಗೆ ಬಂದು ಮಲಗಿತು. ಕನ್ನಡಿ ಕಿತ್ತುಕೊಂಡು ಹೋದ ಅದೇ ಜಾತಿಯ ವ್ಯಾನುಗಳು ಸಾಲಾಗಿ ನಿಂತು, ಗೌರವದಿಂದ ಆರು ಮೀಟರು ದೂರ ಬಿಟ್ಟು, ಒಂದೊಂದಾಗಿ ಸುತ್ತಿ ಹೋದವು. ಮೌಲಾಸಾಬ ಬೀಡಿ ತುದಿ ತೋರಿಸಿ, ಅದಕ್ಕಿರುವ ಮರ್ಯಾದೆ ಸರಕಾರಿ ಗಾಡಿಗೆ ಇಲ್ಲವಲ್ಲ ಎಂದ. ಫಕ್ಕೀರಪ್ಪ ಎಮ್ಮೆಯನ್ನೇ ನೋಡುತ್ತಿದ್ದ. ಅದರ ಕಿವಿಯಲ್ಲಿ ಹಳದಿ ಕಿವಿಯೋಲೆ ಇತ್ತು. ಸರಕಾರ ಎಲ್ಲ ದನಗಳಿಗೂ ಚುಚ್ಚುವ, ಬಿಸಿಲಿನಿಂದ ನಡೆಯುವ, ಸಂಖ್ಯೆಯನ್ನು ಗಾಳಿಗೆ ಬಿಡುವ ಕಿವಿಯೋಲೆ. ಅಂಥ ನೂರೈವತ್ತು ಹೊಸವು ಆಸ್ಪತ್ರೆಯ ಕಪಾಟಿನಲ್ಲಿದ್ದವು. ಹೊಸ ದನವನ್ನು ನೋಂದಾಯಿಸುವ ಅಧಿಕಾರ ಇಡೀ ತಾಲೂಕಿನಲ್ಲಿ ಒಬ್ಬರಿಗೇ ಇತ್ತು.

"ಬಾಯಾರ," ಎಂದ ಫಕ್ಕೀರಪ್ಪ ಇಂದುಮತಿಯ ಕಡೆ ತಿರುಗಿ, "ವ್ಯಾನಿಗೆ ಜೀವ ಕೊಡೂದು ನಿಮ್ಮ ಕೈಯಾಗಿಲ್ಲ. ಎಮ್ಮಿಗೆ ಕೊಡೂದು ಐತಿ."

ಇಂದುಮತಿ ಬಾಗಿಲು ಹಾಕಿಕೊಂಡು ಒಳಗೆ ಕೂತಳು. ಸುಮಾರು ಅರ್ಧ ತಾಸು ಕೂತಳು. ಆ ಅರ್ಧ ತಾಸಿನಲ್ಲಿ ಗೊಂಡಿಹಾಳದಿಂದ ಇನ್ನೊಂದು ಫೋನು ಬಂತು, ಆರನೆಯ ಎಮ್ಮೆ ಸತ್ತಿತ್ತು. ಆಗ ಎದ್ದು ಮೊಬೈಲಿನಲ್ಲಿ ನೋಂದಣಿಯ ನಮೂನೆ ತೆರೆದಳು.

ಸಾಧ್ಯವಾದಷ್ಟು ನಿಜವನ್ನೇ ಬರೆಯಲು ನೋಡಿದಳು. ಜಾತಿ: ಎಮ್ಮೆ. ಅಲ್ಲಿಗೆ ಒಂದು ಸುಳ್ಳು ಮುಗಿಯಿತು. ಎತ್ತು ಎಂದು ಹಾಕಿ ಎಂದು ಫಕ್ಕೀರಪ್ಪ ಹಟ ಹಿಡಿದಿದ್ದ, ದುಡಿಯುವ ಪ್ರಾಣಿ ಅಂತ. ಆದರೆ ಎತ್ತಿಗೆ ವ್ಯಾನುಗಳು ಬಿಡುವುದು ಮೂರೇ ಮೀಟರು. ಎಮ್ಮೆ ಜಪ್ಪಯ್ಯ ಎಂದರೂ ಏಳುವುದಿಲ್ಲವೆಂಬುದನ್ನು ಯಂತ್ರಗಳೂ ಕಲಿತಿದ್ದವು. ವಯಸ್ಸು: ಇಪ್ಪತ್ತೇಳು. 'ವಯಸ್ಸು ಹೆಚ್ಚಾಯಿತು, ಖಚಿತವೇ?' ಖಚಿತ. ಬಣ್ಣ: ಬೂದು. ಎಷ್ಟು ಕರು ಹಾಕಿದೆ: ಸೊನ್ನೆ. ಹಾಲು: ಇಲ್ಲ. ಗುರುತು: ಎಡಗಡೆ ಹೊಸ ಗಾಯ. ಮುಖದ ಫೋಟೋ ಬೇಕೆಂದಿತು. ವ್ಯಾನಿನ ಮೂತಿಯ ಫೋಟೋ ತೆಗೆದು ಹಾಕಿದಳು. ಎರಡು ದೀಪಗಳನ್ನು, ನಡುವಿನ ಜಾಲರಿಯನ್ನು ಒಂದು ಗಳಿಗೆ ತೂಗಿ ನೋಡಿದ ಯಂತ್ರ, 'ಫೋಟೋ ಸ್ಪಷ್ಟವಾಗಿದೆ' ಎಂದಿತು. ಕನ್ನಡಿ ಕಿತ್ತು ಹೋದ ಸರಳಿಗೆ ಹಳೆಯ ಟ್ಯೂಬಿನ ತುಂಡು ಕಟ್ಟಿ, ಫಕ್ಕೀರಪ್ಪ ಅದಕ್ಕೆ ಇಕ್ಕಳದಿಂದ ಕಿವಿಯೋಲೆ ಒತ್ತಿದ. ನೋಂದಣಿ ಚಾಲ್ತಿಗೆ ಬರಲು ಒಂದು ಇರುಳು ಹಿಡಿಯುತ್ತದೆ ಎಂದು ಪರದೆ ಹೇಳಿತು. ಅವಳಿಗೆ ಬೈಯಲೂ ಬೇಸರವಾಗಿತ್ತು.

*

ಬುಧವಾರ ಮುಂಜಾನೆ ಏಳಕ್ಕೆ ಹೊರಟರು. ಫಕ್ಕೀರಪ್ಪ ಮೊದಲ ಅರ್ಧ ಕಿಲೋಮೀಟರು ಎಮ್ಮೆಯ ನಡಿಗೆಯಲ್ಲೇ ನಡೆಸಿದ. ವ್ಯಾನುಗಳು ಬಂದವು, ನಿಂತವು, ಆರು ಮೀಟರು ಬಿಟ್ಟು ಸುತ್ತಿದವು. ಇಂದುಮತಿ ಸೀಟಿನ ಅಂಚನ್ನು ಹಿಡಿದಿದ್ದ ಕೈ ಬಿಟ್ಟಳು. ಹೀಗೆ ಹೋದರೆ ಸಂಜೆಯಾಗುತ್ತದೆ ಎಂದಳು. ಫಕ್ಕೀರಪ್ಪ ಗೇರು ಬದಲಿಸಿದ.

ನಲವತ್ತು ದಾಟಿದ ಎರಡು ನಿಮಿಷಕ್ಕೆ ಅವಳ ಮೊಬೈಲು ಹೊಯ್ದುಕೊಂಡಿತು. ಪರದೆಯ ಮೇಲೆ ಕೆಂಪು ಪಟ್ಟಿ. 'ತುರ್ತು. ಹೆದ್ದಾರಿಯಲ್ಲಿ ಒಂದು ಎಮ್ಮೆ ತಾಸಿಗೆ ನಲವತ್ತೆರಡು ಕಿಲೋಮೀಟರು ವೇಗದಲ್ಲಿ ಓಡುತ್ತಿದೆ. ಹುಚ್ಚು ಹಿಡಿದಿರುವ ಸಂಭವ. ಸಮೀಪದ ಪಶುವೈದ್ಯರು ಕೂಡಲೇ ಹೋಗಬೇಕು.' ಕೆಳಗೆ ಆ ಸಮೀಪದ ಪಶುವೈದ್ಯರ ಹೆಸರಿತ್ತು: ಇಂದುಮತಿ ಬಡಿಗೇರ. ಎಮ್ಮೆ ಅವರಿಂದ ಸೊನ್ನೆ ಮೀಟರು ದೂರದಲ್ಲಿತ್ತು.

ಆಮೇಲೆ ನಡೆದದ್ದನ್ನು ಅವಳು ನಿರೀಕ್ಷಿಸಿರಲಿಲ್ಲ. ಮುಂದೆ ಎರಡು ಕಿಲೋಮೀಟರು, ಹಿಂದೆ ಎರಡು ಕಿಲೋಮೀಟರು, ಹೆದ್ದಾರಿಯ ವಾಹನಗಳೆಲ್ಲ ಅಂಚಿಗೆ ಸರಿದು ದೀಪ ಆರಿಸಿ ನಿಂತವು. ಹುಚ್ಚೆಮ್ಮೆಗೆ ಅದೇ ನಿಯಮ. ನಾಲ್ಕು ದಿನ ಕಾಯಿರಿ ಎಂದಿದ್ದ ರಸ್ತೆ ಎರಡು ನಿಮಿಷದಲ್ಲಿ ಪೂರ್ತಿ ಖಾಲಿಯಾಗಿ ಬಿದ್ದಿತ್ತು. ಫಕ್ಕೀರಪ್ಪ ಅರವತ್ತಕ್ಕೆ ಏರಿಸಿದ.

ಗೊಂಡಿಹಾಳಕ್ಕೆ ಎಂಟಕ್ಕೆಲ್ಲ ಮುಟ್ಟಿದರು. ಊರು ಮೆಚ್ಚಿ ಎದುರುಗೊಳ್ಳಲಿಲ್ಲ. ಸತ್ತ ಎಮ್ಮೆ ಒಂಬತ್ತಾಗಿದ್ದವು, ಹೂಳಲು ಗುಂಡಿ ತೋಡುತ್ತಿದ್ದರು. ನೀಲವ್ವನ ಹಿತ್ತಲಲ್ಲಿ ಮೂರು ಗೂಟ ಖಾಲಿ. ಊರಿಗೆಲ್ಲ ಹೆಸರಾದ, ಎರಡು ಹೊತ್ತಿಗೆ ಹದಿನಾರು ಸೇರು ಕರೆಯುತ್ತಿದ್ದ ದೊಡ್ಡೆಮ್ಮೆ ಒಂದು ತಾಸಿನ ಹಿಂದೆ ಹೋಗಿತ್ತು. ನೀಲವ್ವ ಅದರ ಕೊರಳ ಹಗ್ಗ ಬಿಚ್ಚುತ್ತ ಕೂತಿದ್ದಳು.

"ಹೊತ್ತಾತ್ರಿ," ಎಂದಳು, ತಲೆ ಎತ್ತದೆ.

"ಆತವ್ವ," ಎಂದಳು ಇಂದುಮತಿ. ರಸ್ತೆ, ದರ್ಜೆ, ಉಸಿರು, ಇವನ್ನೆಲ್ಲ ಆ ಹಗ್ಗದ ಮುಂದೆ ಹೇಳುವಂತಿರಲಿಲ್ಲ.

ನೀಲವ್ವ ಎದ್ದು ಉಳಿದ ಮೂರರಲ್ಲಿ ಒಂದನ್ನು ಹಿಡಿದು ನಿಂತಳು. ಕಿವಿ ಬಿಸಿಯಾಗಿದೆ, ನಸುಕಿನಿಂದ ಮೇವು ಮುಟ್ಟಿಲ್ಲ ಎಂದಳು. ಗಂಟಲು ಇನ್ನೂ ಬಾತಿರಲಿಲ್ಲ. ಇಂದುಮತಿ ಸೂಜಿ ಹಾಕಿದಳು. ಅಲ್ಲಿಂದ ಮನೆ ಮನೆಗೆ ಹೋಗಿ, ಮಧ್ಯಾಹ್ನ ಮೂರರ ತನಕ ಜ್ವರ ಬಂದ ಹದಿನೇಳಕ್ಕೆ ಚುಚ್ಚಿದಳು, ಉಳಿದವಕ್ಕೆಲ್ಲ ಲಸಿಕೆ ಹಾಕಿದಳು. ಗಂಟಲು ಬಾತಿದ್ದ ಎರಡು ಅವಳ ಕಣ್ಣೆದುರೇ ಸತ್ತವು. ಅವಳಿಗೆ ತೋಳು ಎತ್ತಲು ಬರದಂತಾದಾಗ ಫಕ್ಕೀರಪ್ಪ ಊರವರಿಗೆ ಸೂಜಿ ಹಾಕುವಾಗ ಹಗ್ಗ ಹಿಡಿಯುವುದನ್ನು ಕಲಿಸುತ್ತ, ವ್ಯಾನು ಹುಚ್ಚೆಮ್ಮೆಯಾದ ಕತೆ ಹೇಳುತ್ತಿದ್ದ. ಯಾರೋ ಒಬ್ಬರು ನಕ್ಕರು. ನೀಲವ್ವ ನಗಲಿಲ್ಲ, ಹಾಗಾದರೆ ನಿನ್ನೆಯೇ ಹುಚ್ಚು ಹಿಡಿಸಬೇಕಿತ್ತು ಎಂದಳು.

*

ಸಂಜೆ ಆಸ್ಪತ್ರೆಗೆ ಮರಳಿದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಕಮತರನ ಕರೆ ಕಾದಿತ್ತು. ಅವನ ಹಿಂದಿನ ಪರದೆಗಳಲ್ಲಿ ಒಂದರ ಮೇಲೆ ವ್ಯಾನಿನ ಚಿತ್ರ ನಿಂತಿತ್ತು. ಕಂಬದ ಕ್ಯಾಮೆರಾ ತೆಗೆದದ್ದು. ಅದನ್ನು ಯಂತ್ರ ನೋಡುವುದಿಲ್ಲ, ಮನುಷ್ಯರು ಬೇಕಾದರೆ ನೋಡಬಹುದು.

ಎರಡು ಹೊತ್ತೂ ಸೇರಿ ಹೆದ್ದಾರಿ ಐವತ್ತೈದು ನಿಮಿಷ ಮುಚ್ಚಿತ್ತು, ಆರುನೂರು ಪಾರ್ಸೆಲ್ಲು ತಡವಾಗಿದ್ದವು ಎಂದ. ತಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆದು ಕೊಡುವೆ ಎಂದಳು ಇಂದುಮತಿ. ವ್ಯಾನಿಗೆ ಕಿವಿಯೋಲೆ ಹಾಕಿದ್ದು ತಾನೇ, ಶಿಕ್ಷೆ ತನಗೇ ಆಗಲಿ. ಹಾಗೆ ಹೇಳಿದ ಮೇಲೆ ಅವಳಿಗೆ ಎರಡು ದಿನದಲ್ಲಿ ಮೊದಲ ಸಲ ಹಗುರವೆನಿಸಿತು.

ಕಮತರ ತಲೆಗೆ ಕೈ ಹಚ್ಚಿ ಕೂತ.

"ದಯಮಾಡಿ ಹಂಗ ಬರೀಬ್ಯಾಡ್ರಿ ಮೇಡಮ್. ಈ ಯಂತ್ರ ಮೋಸ ಹೋಗಂಗಿಲ್ಲ ಅಂತ ನಮ್ಮ ಸಾಹೇಬ್ರು ಹೋದ ತಿಂಗಳ ಸಹಿ ಮಾಡ್ಯಾರ. ನಿಮ್ಮ ಕಾಗದ ಬಂದ್ರ ಇಡೀ ರಾಜ್ಯದ ರಸ್ತೆ ನಿಲ್ಲಿಸಿ ತನಿಖಿ ಮಾಡ್ತಾರ. ತಿಂಗಳಗಟ್ಲೆ ಯಾ ವ್ಯಾನೂ ಹೊಂಡಂಗಿಲ್ಲ, ನಿಮ್ಮ ಏಳನೇ ದರ್ಜೇದೂ ಇಲ್ಲ. ಎಮ್ಮಿ ಅಂತ ಬರೀರಿ, ಮುಗೀತು."

ಮುಂಜಾನೆಯ ತುರ್ತು ಕರೆಗೆ ಉತ್ತರ ತುಂಬುವ ನಮೂನೆಯಲ್ಲಿ ಮೂರೇ ಆಯ್ಕೆಗಳಿದ್ದವು. ಹುಚ್ಚು ಹಿಡಿದ ಪ್ರಾಣಿ ಸತ್ತಿದೆ. ಗುಣವಾಗಿದೆ. ಹತ್ತು ದಿನ ವೈದ್ಯರ ನಿಗಾದಲ್ಲಿದೆ. ಸತ್ತಿದೆ ಎಂದರೆ ವ್ಯಾನು ಮತ್ತೆ ಬೇವಿನ ಗಿಡದ ಕೆಳಗೆ. ಗುಣವಾಗಿದೆ ಎಂದರೆ ಇನ್ನೊಮ್ಮೆ ಓಡಿದಾಗ ಅವಳ ಚಿಕಿತ್ಸೆಯನ್ನೇ ಪ್ರಶ್ನಿಸುತ್ತಾರೆ. ಇನ್ನೂ ಹತ್ತು ಹಳ್ಳಿಗಳು ಉಳಿದಿದ್ದವು, ಅವುಗಳಲ್ಲಿ ಎರಡರಿಂದ ಆಗಲೇ ಜ್ವರದ ಸುದ್ದಿ ಬಂದಿತ್ತು. ನಿಜ ಬರೆದು ಹಗುರವಾಗುವುದು ಅವಳೊಬ್ಬಳಿಗೆ ದಕ್ಕುವ ಸುಖ. ಅದರ ಬೆಲೆ ಕಟ್ಟುವವರು ಹಳ್ಳಿಯವರು. ಇದು ಅವಳಿಗೆ ಇಷ್ಟವಾಗಲಿಲ್ಲ. ಇಷ್ಟವಾಗದೆಯೇ ಮೂರನೆಯದನ್ನು ಒತ್ತಿದಳು.

ಷರಾ ಎಂಬ ಜಾಗದಲ್ಲಿ ಬರೆಯತೊಡಗಿದಳು. ಪ್ರಾಣಿಯನ್ನು ಒಂಟಿಯಾಗಿ ಬಿಡುವಂತಿಲ್ಲ. ವೈದ್ಯರು ಹೋದಲ್ಲಿ ಅದೂ ಬರುತ್ತದೆ. ಹತ್ತು ದಿನಗಳ ಕಾಲ ಆಗಾಗ ಉದ್ರೇಕ ಮರುಕಳಿಸುವ ಸಂಭವವಿದೆ. ಮರುಕಳಿಸಬಹುದಾದ ದಿನ, ಹೊತ್ತು, ಮತ್ತು ಅದು ಓಡಬಹುದಾದ ದಿಕ್ಕು ಕೆಳಗಿನಂತಿವೆ. 'ಗುರುವಾರ, ಮುಂಜಾನೆ ಏಳು, ಪೂರ್ವ.' 'ಶುಕ್ರವಾರ, ಮುಂಜಾನೆ ಆರೂವರೆ, ಉತ್ತರ.'

ಕಮತರ ತನ್ನ ಪರದೆಯಲ್ಲಿ ಅದನ್ನು ಸಾಲು ಸಾಲಾಗಿ ಓದುತ್ತಿದ್ದ. ಶನಿವಾರ ಮಾತ್ರ ಬೇಡ ಎಂದ, ಅಂದು ಮಂತ್ರಿಗಳು ಹೆದ್ದಾರಿಯಲ್ಲಿ ಬರುತ್ತಾರೆ. ಶನಿವಾರ ಎಮ್ಮೆಗೆ ಹುಚ್ಚು ಹಿಡಿಯದಂತೆ ನೋಡಿಕೊಳ್ಳಿ ಎಂದು ಕೈ ಮುಗಿದ. ಸರಿ, ಒಂದು ದಿನವಾದರೂ ತೋಳಿಗೆ ಬಿಡುವು ಸಿಕ್ಕಿತೆಂದು ಅವಳೂ ಒಪ್ಪಿದಳು.

ಕರೆ ಮುಗಿಯುವ ಮೊದಲೇ ಮೊಬೈಲಿಗೆ ಇನ್ನೊಂದು ಕರೆ ಬಂತು. ನೀಲವ್ವ. ಸೂಜಿ ಹಾಕಿದ ಎಮ್ಮೆ ಎದ್ದು ಅರ್ಧ ಬಕೆಟ್ ಮುಸುರೆ ಕುಡಿದಿತ್ತು. ಆದರೆ ಮತ್ತೊಂದರ ಕಿವಿ ಬಿಸಿಯಾಗಿತ್ತು. ಇಂದುಮತಿ ಕೊಟ್ಟುಬಂದಿದ್ದ ಗುಳಿಗೆಯನ್ನು ನೀಲವ್ವ ಅರೆದು ಕುಡಿಸಿದ್ದಳು. ಅವು ಮೂರು ದಿನಕ್ಕೆ ಸಾಲುತ್ತವೆ, ಆಮೇಲೆ ಏನು ಮಾಡಲಿ ಎಂದು ಕೇಳಿದಳು. ಬೇಡುವ ದನಿಯಲ್ಲಿ ಕೇಳಲಿಲ್ಲ. ಹೊತ್ತಾಗಿ ಬಂದವರನ್ನು ಕೇಳುವಂತೆ ಕೇಳಿದಳು.

ಪರದೆಯ ಮೇಲೆ ಕಮತರ ಇನ್ನೂ ಇದ್ದ. ಅವನಿಗೂ ಎಲ್ಲ ಕೇಳಿಸಿತ್ತು. ಹಣೆ ತಿಕ್ಕಿಕೊಳ್ಳುತ್ತ ಬೇರೆ ಕಡೆ ನೋಡತೊಡಗಿದ. ಇಂದುಮತಿ ಷರಾದಲ್ಲಿ ಇನ್ನೊಂದು ಸಾಲು ಸೇರಿಸಿ ಕಳಿಸಿದಳು.

'ಶನಿವಾರ, ಮುಂಜಾನೆ ಒಂಬತ್ತು, ಗೊಂಡಿಹಾಳದ ದಿಕ್ಕು, ತೀವ್ರ.'